ಜೀಪಿನ ಮೈಯ ತಗಡು: ಟೊಲೆಡೊದಿಂದ ಮಲೆನಾಡಿನವರೆಗೆ

ಕಳೆದ ನವೆಂಬರಿನಲ್ಲಿ ನಮ್ಮ ಕೂಟದ ರಾಜ್ಯೋತ್ಸವದ ಮೆರವಣಿಗೆಗೆ ತಾಯಿ ಭುವನೇಶ್ವರಿಯ ಚಿತ್ರಪಟವನ್ನು ಹೊತ್ತು ಬಂದ ಹಳೆಯ ಜೀಪನ್ನು ಸದಸ್ಯರೆಲ್ಲರೂ ನೋಡಿದ್ದೀರಿ. ಮಕ್ಕಳು ಅದರ ಮೇಲೆ ಹತ್ತಿ ಇಳಿದರು. ಹಿರಿಯರು ಬದಿಯ ತಗಡನ್ನು ತಟ್ಟಿ ನೋಡಿ, "ಇಷ್ಟು ಹಳೆಯ ಗಾಡಿಗೆ ಬಾಡಿ ಎಲ್ಲಿ ಸಿಕ್ಕಿತು?" ಎಂದು ವಿಚಾರಿಸಿದರು. ಅಂದು ಊಟದ ಸಾಲಿನಲ್ಲಿ ನಿಂತು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಏಕೆಂದರೆ ಆ ಮೈ ಒಂದೇ ಕಡೆ ಸಿಕ್ಕಿದ್ದಲ್ಲ. ಅದರ ಒಂದು ಪಾಲು 1944ರದು, ಒಂದು ಪಾಲು ಫಿಲಿಪ್ಪೀನ್ಸ್ ದೇಶದ್ದು, ಉಳಿದದ್ದು ನಮ್ಮ ಸದಸ್ಯರೊಬ್ಬರ ಗ್ಯಾರೇಜಿನಲ್ಲಿ ಎಪ್ಪತ್ತೆರಡು ವರ್ಷದ ಹಿರಿಯರೊಬ್ಬರು ಸುತ್ತಿಗೆಯಿಂದ ಬಡಿದು ಮಾಡಿದ್ದು. ಈ ಮೂರು ಪಾಲುಗಳ ಹಿಂದಿರುವ ಚರಿತ್ರೆಯನ್ನು ಸಾವಧಾನವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ನಾವು ಮೂರು ಕುಟುಂಬದವರು ಸೇರಿ ಈ ವಾಹನವನ್ನು ಕೊಂಡದ್ದು ಓಹಾಯೋ ರಾಜ್ಯದ ಒಳನಾಡಿನ ಒಂದು ಹೊಲಮನೆಯಿಂದ. ಅದು 1944ರ ವಿಲ್ಲಿಸ್ ಎಂಬಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸರ್ಕಾರ ಮಾರಾಟ ಮಾಡಿದ ಹೆಚ್ಚುವರಿ ವಾಹನಗಳಲ್ಲಿ ಒಂದು. ಕೊಂಡ ರೈತರು ಅದಕ್ಕೆ ಕೆಂಪು ಬಣ್ಣ ಬಳಿದು ದಶಕಗಳ ಕಾಲ ದುಡಿಸಿ, ಕೊನೆಗೆ ಹುಲ್ಲು ಒಟ್ಟುವ ಕೊಟ್ಟಿಗೆಯ ಮೂಲೆಯಲ್ಲಿ ನಿಲ್ಲಿಸಿದ್ದರು. ಎಂಜಿನ್ನಿಗೆ, ಗೇರಿಗೆ, ಬ್ರೇಕಿಗೆ ಬೇಕಾದ ಬಿಡಿಭಾಗಗಳು ಹೆಚ್ಚು ಅಲೆಯದೆಯೇ ದೊರೆತವು. ನಮ್ಮನ್ನು ಕಾಡಿದ್ದು ಅದರ ಮೈ. ಚಾಲಕನ ಕಾಲಡಿಯ ತಗಡಿನೊಳಗಿಂದ ಕೈ ಇಳಿಸಿದರೆ ನೆಲದ ಹುಲ್ಲು ಬೆರಳಿಗೆ ತಾಗುತ್ತಿತ್ತು.

ಅವಸರದಲ್ಲಿ ಹುಟ್ಟಿದ ಮೈ

ಜೀಪಿನ ತಗಡು ಏಕೆ ಹಾಗಿದೆ ಎಂದು ತಿಳಿಯಲು 1940ಕ್ಕೆ ಹೋಗಬೇಕು. ಆ ವರ್ಷದ ಬೇಸಿಗೆಯಲ್ಲಿ ಅಮೆರಿಕದ ಸೇನೆ ಒಂದು ಹಗುರವಾದ ವಾಹನಕ್ಕಾಗಿ 135 ಕಂಪನಿಗಳಿಗೆ ಕರೆ ಕಳುಹಿಸಿತು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗಬೇಕು, ತೂಕ 1,300 ಪೌಂಡ್, ಅಂದರೆ ಸುಮಾರು 590 ಕಿಲೋ ಮೀರಬಾರದು, ಮೊದಲ ಮಾದರಿ 49 ದಿನಗಳಲ್ಲಿ ಸಿದ್ಧವಾಗಬೇಕು ಎಂಬುದು ಷರತ್ತು. ಆ ಗಡುವನ್ನು ಒಪ್ಪಿ ಪೂರೈಸಿದ್ದು ಪೆನ್ಸಿಲ್ವೇನಿಯದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಮ್ ಎಂಬ ಪುಟ್ಟ ಕಂಪನಿ. ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರು ಕೆಲವೇ ದಿನಗಳಲ್ಲಿ ನಕ್ಷೆ ಬರೆದುಕೊಟ್ಟರು. ಸೆಪ್ಟೆಂಬರ್ 23ರಂದು ಮಾದರಿ ವಾಹನ ಮೇರಿಲ್ಯಾಂಡಿನ ಕ್ಯಾಂಪ್ ಹೊಲಬರ್ಡ್ ತಲುಪಿತು. 590 ಕಿಲೋದ ಮಿತಿ ಮಾತ್ರ ಯಾರಿಗೂ ಸಾಧ್ಯವಾಗಲಿಲ್ಲ, ಸೇನೆಯೇ ಅದನ್ನು ಸಡಿಲಿಸಬೇಕಾಯಿತು. ಆದರೂ ತೂಕದ ಭಯ ಕೊನೆಯವರೆಗೂ ಉಳಿಯಿತು. ಅದಕ್ಕಾಗಿಯೇ ತಗಡು ತೆಳು, ಬಾಗಿಲಿಲ್ಲ, ಬದಿಗಳು ಗಿಡ್ಡ.

ಮುಂದೆ ನಮ್ಮ ನೆರೆಯ ಟೊಲೆಡೊ ನಗರದ ವಿಲ್ಲಿಸ್ ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳು ಯುದ್ಧಕಾಲದಲ್ಲಿ ಒಟ್ಟು ಸುಮಾರು 6,40,000 ಜೀಪುಗಳನ್ನು ತಯಾರಿಸಿದವು. ಮುಂಭಾಗದ ಜಾಲರಿಯ ಕಥೆಯೊಂದೇ ಸಾಕು, ತಗಡು ಹೇಗೆ ಕಬ್ಬಿಣವನ್ನು ಗೆದ್ದಿತೆಂದು ತಿಳಿಯಲು. ವಿಲ್ಲಿಸ್‌ನ ಮೊದಲ ಸುಮಾರು 25,000 ಜೀಪುಗಳಲ್ಲಿ ಆ ಜಾಲರಿಯನ್ನು ಪಟ್ಟಿಗಳನ್ನು ಬೆಸೆದು ಮಾಡುತ್ತಿದ್ದರು, ನಮ್ಮ ಊರಿನ ಕಿಟಕಿಯ ಸರಳುಗಳಂತೆ. ಫೋರ್ಡ್‌ನವರು ಒಂದೇ ತಗಡನ್ನು ಅಚ್ಚಿನಲ್ಲಿ ಒತ್ತಿ ಒಂಬತ್ತು ಸೀಳುಗಳ ಜಾಲರಿ ಮಾಡಿದರು. ಅದು ಹಗುರ, ಅಗ್ಗ ಮತ್ತು ಬೇಗ ಆಗುವ ಕೆಲಸ. 1942ರಲ್ಲಿ ವಿಲ್ಲಿಸ್ ಕೂಡ ಅದನ್ನೇ ಅನುಸರಿಸಿತು. ಇಂದು ಲೋಕವೆಲ್ಲ ಜೀಪಿನ ಮುಖವೆಂದು ಗುರುತಿಸುವ ಆ ಸೀಳುಗಳು ಮಿತವ್ಯಯದ ಲೆಕ್ಕದಿಂದ ಹುಟ್ಟಿದವು.

ನಮಗೆ ಇನ್ನೂ ಅಚ್ಚರಿ ತಂದ ಸಂಗತಿಯೆಂದರೆ, ವಿಲ್ಲಿಸ್ ಜೀಪಿನ ಮೈ ಟೊಲೆಡೊದಲ್ಲಿ ಆದದ್ದೇ ಅಲ್ಲ. ಅದು ಇಂಡಿಯಾನ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನ ಅಮೆರಿಕನ್ ಸೆಂಟ್ರಲ್ ಎಂಬ ಕಾರ್ಖಾನೆಯಿಂದ ಬರುತ್ತಿತ್ತು. ಯುದ್ಧಕ್ಕೆ ಮುನ್ನ ಅದೇ ಊರಿನಲ್ಲಿ ಕಾರ್ಡ್ ಎಂಬ ಬೆಡಗಿನ ಕಾರುಗಳೂ ಅಡುಗೆಮನೆಯ ಉಕ್ಕಿನ ಕಪಾಟುಗಳೂ ತಯಾರಾಗುತ್ತಿದ್ದವು. 1944ರ ಆರಂಭದಿಂದ ಫೋರ್ಡ್‌ಗೂ ಅಲ್ಲಿಂದಲೇ ಮೈ ಹೋಗತೊಡಗಿ, ಎರಡು ಕಂಪನಿಗಳ ಜೀಪುಗಳಿಗೂ ಬಹುಮಟ್ಟಿಗೆ ಒಂದೇ ಮೈ ಬಂದಿತು. ಅಂದರೆ ಚಾಸಿ ಒಬ್ಬರದು, ಮೈ ಮತ್ತೊಬ್ಬರದು, ಒಂದಕ್ಕೆ ಇನ್ನೊಂದು ಹೊಂದಬೇಕು ಎಂಬುದೇ ಈ ವಾಹನದ ಹುಟ್ಟುಗುಣ. ಇದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ನಮ್ಮ ನಡುವೆ ನಡೆದ ವಾದವೆಲ್ಲ ಇದರ ಸುತ್ತಲೇ ತಿರುಗಿತು.

ತುಕ್ಕಿನ ಗುಟ್ಟು

ವೈದ್ಯವೃತ್ತಿಯವರಾದ ನಮಗೆ ಗಾಯದ ಅಂಚು ನೋಡುವ ಅಭ್ಯಾಸ. ಕೊಳೆತ ಭಾಗ ಎಲ್ಲಿ ಮುಗಿಯುತ್ತದೆ, ಜೀವಂತ ಭಾಗ ಎಲ್ಲಿ ತೊಡಗುತ್ತದೆ ಎಂಬುದು ಮೊದಲ ಪ್ರಶ್ನೆ. ಜೀಪಿನ ನೆಲವನ್ನು ತಿರುವಿ ನೋಡಿದಾಗ ರೋಗದ ಮೂಲ ಎರಡು ಕಡೆ ಕಂಡಿತು.

ಮೊದಲನೆಯದು, ನೆಲದ ತಗಡನ್ನು ಅಡಿಯಿಂದ ಆಧರಿಸುವ ಟೋಪಿಯಾಕಾರದ ಪಟ್ಟಿಗಳು. ಸೇನೆಯ ಜೀಪಿನಲ್ಲಿ ಬಲಕ್ಕೆಂದು ಈ ಪಟ್ಟಿಗಳೊಳಗೆ ಮರದ ತುಂಡುಗಳನ್ನು ಕೂರಿಸಿದ್ದರು. ಮರ ನೀರು ಕುಡಿಯಿತು, ಕುಡಿದದ್ದನ್ನು ಬಿಡಲಿಲ್ಲ. ಹೊರಗಿನಿಂದ ಬಣ್ಣ ಚೆನ್ನಾಗಿಯೇ ಇದ್ದರೂ ಪಟ್ಟಿ ಒಳಗಿನಿಂದ ತಿಂದುಹೋಯಿತು. ಎರಡನೆಯದು ಪೆಟ್ರೋಲ್ ಟ್ಯಾಂಕು. ಅದು ಚಾಲಕನ ಆಸನದ ಕೆಳಗೆ ನೆಲದಲ್ಲಿ ಮಾಡಿದ ಒಂದು ತೊಟ್ಟಿಯಂಥ ತಗ್ಗಿನಲ್ಲಿ ಕುಳಿತಿರುತ್ತದೆ. ಆ ತೊಟ್ಟಿಯ ನೀರು ಹರಿದುಹೋಗುವ ತೂತು ಮಣ್ಣಿನಿಂದ ಮುಚ್ಚಿದರೆ ಸಾಕು, ಪ್ರತಿ ಮಳೆಯೂ ಅಲ್ಲಿಯೇ ನಿಲ್ಲುತ್ತದೆ. ಇದರ ಮೇಲೆ ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಚೆಲ್ಲುವ ಉಪ್ಪು. ಐದಾರು ವರ್ಷ ಬದುಕಿದರೆ ಸಾಕೆಂದು ಮಾಡಿದ ಮೈ ಎಂಬತ್ತು ವರ್ಷ ಉಳಿದದ್ದೇ ಹೆಚ್ಚು.

ಮೂರು ದಾರಿಗಳು

ಹಳೆಯ ಜೀಪಿನ ಮೈ ಕೆಟ್ಟಾಗ ಇರುವ ದಾರಿಗಳು ಮೂರು: ಮತ್ತೊಂದು ಹಳೆಯ ಜೀಪಿನಿಂದ ಭಾಗ ಕಿತ್ತು ತರುವುದು, ಹೊಸದಾಗಿ ತಯಾರಾದ ಭಾಗವನ್ನು ಕೊಳ್ಳುವುದು, ತಗಡು ತಂದು ತಾವೇ ಮಾಡುವುದು.

ಹಳೆಯ ಬಿಡಿಭಾಗಗಳ ಸಂತೆಗಳಲ್ಲಿ ನಾವು ಎರಡು ಬೇಸಿಗೆ ಅಲೆದೆವು. ಸಿಕ್ಕ ನೆಲದ ತಗಡುಗಳೆಲ್ಲ ನಮ್ಮದರಂತೆಯೇ ತೂತು ಬಿದ್ದಿದ್ದವು. ಅದು ಸಹಜ, ಒಂದೇ ಕಡೆ ಹುಟ್ಟಿದವಕ್ಕೆ ಒಂದೇ ರೋಗ.

ಎರಡನೆಯ ದಾರಿ ಫಿಲಿಪ್ಪೀನ್ಸ್‌ನಿಂದ ಬರುತ್ತದೆ. 1945ರ ನಂತರ ಅಮೆರಿಕದ ಸೇನೆ ಆ ದೇಶದಲ್ಲಿ ಬಿಟ್ಟುಹೋದ ಜೀಪುಗಳನ್ನು ಮನಿಲಾದ ಕುಶಲಕರ್ಮಿಗಳು ಹಿಗ್ಗಿಸಿ, ಮೇಲೆ ಚಾವಣಿ ಹೊದಿಸಿ, ಎದುರು ಬದುರು ಬೆಂಚು ಹಾಕಿ ಜನ ಸಾಗಿಸುವ ಗಾಡಿಗಳನ್ನಾಗಿ ಮಾಡಿದರು. ಅದೇ ಜೀಪ್ನಿ. ಹಳೆಯ ಜೀಪುಗಳು ಮುಗಿದ ಮೇಲೆ ಅವರು ನಿಲ್ಲಿಸಲಿಲ್ಲ, ಮೈಯನ್ನೇ ಹೊಸದಾಗಿ ಬಡಿಯತೊಡಗಿದರು. ತಗಡು ಬಾಗಿಸುವ ಆ ಕಸುಬು ಬೇರೂರಿದ ನೆಲದಲ್ಲಿಯೇ ಎಂ.ಡಿ. ಹ್ವಾನ್ ಎಂಬ ಸಂಸ್ಥೆ ಯುದ್ಧಕಾಲದ ಜೀಪಿನ ಪೂರ್ಣ ಮೈಯನ್ನು ಮರುತಯಾರಿಸಿ ಲೋಕಕ್ಕೆಲ್ಲ ಕಳುಹಿಸುತ್ತದೆ. ಇಂದು ಅಮೆರಿಕದಲ್ಲಿಯೂ ಯುರೋಪಿನಲ್ಲಿಯೂ ಮೆರವಣಿಗೆಗೆ ಬರುವ ಎಷ್ಟೋ "ಅಮೆರಿಕನ್" ಜೀಪುಗಳ ಮೈ ಫಿಲಿಪ್ಪೀನ್ಸಿನದು.

ನಮ್ಮಲ್ಲಿ ಇಬ್ಬರು ಪೂರ್ಣ ಮೈಯನ್ನೇ ತರಿಸೋಣವೆಂದರು. ಮೂಲದಲ್ಲಿಯೇ ಮೈ ಹೊರಗಿನಿಂದ ಬರುತ್ತಿತ್ತು, ಈಗಲೂ ಹೊರಗಿನಿಂದ ಬಂದರೆ ತಪ್ಪೇನು ಎಂಬುದು ಅವರ ವಾದ. ಅದರಲ್ಲಿ ಹುರುಳಿತ್ತು. ಆರ್ಡರು ಕೊಡುವುದೆಂದು ನಿಶ್ಚಯವೂ ಆಯಿತು.

ಅಷ್ಟರಲ್ಲಿ ಒಂದು ಭಾನುವಾರ ನಮ್ಮ ಮಗಳು ಬಾನೆಟ್ಟಿನ ಕೆಂಪು ಬಣ್ಣವನ್ನು ನೀರು ಹಾಕಿ ಮೃದುವಾಗಿ ಉಜ್ಜುತ್ತಿದ್ದಳು. ಕೆಂಪಿನ ಕೆಳಗೆ ಬೂದು, ಬೂದಿನ ಕೆಳಗೆ ಸೇನೆಯ ಮಂಕು ಹಸಿರು, ಆ ಹಸಿರಿನ ಮೇಲೆ ಬಿಳಿಯ ಅಂಕಿಗಳು ಮೂಡಿದವು. ಮೊದಲ ಎರಡು ಅಂಕಿಗಳು 2 ಮತ್ತು 0. ಸೇನೆಯ ದಾಖಲೆಯಲ್ಲಿ ಈ ಬಗೆಯ ವಾಹನಗಳ ನೋಂದಣಿ ಸಂಖ್ಯೆ ಆರಂಭವಾಗುತ್ತಿದ್ದುದೇ 20ರಿಂದ. ಮುಂದಿನ ಅಂಕಿಗಳಲ್ಲಿ ನಾಲ್ಕು ಓದಲು ಬಂದವು, ಎರಡು ಅಳಿಸಿದ್ದವು. ಆ ಹೊತ್ತು ಗ್ಯಾರೇಜಿನಲ್ಲಿ ಯಾರೂ ಮಾತನಾಡಲಿಲ್ಲ. ಹೊಸ ಮೈ ತಂದರೆ ಈ ತಗಡು ಗುಜರಿಗೆ ಹೋಗುತ್ತಿತ್ತು, ಅದರೊಡನೆ ಈ ಅಂಕಿಗಳೂ. ಗುಣವಾಗುವ ಅಂಗವನ್ನು ಕತ್ತರಿಸುವುದು ವೈದ್ಯರ ಧರ್ಮವಲ್ಲ. ಆರ್ಡರನ್ನು ತಡೆಹಿಡಿದೆವು. ಆದರೆ ಗುಣಪಡಿಸುವವರು ಯಾರು?

ಮೇಸ್ತ್ರಿಗಳು ಗ್ಯಾರೇಜಿಗೆ ಬಂದದ್ದು

ನಮ್ಮ ಮೂವರಲ್ಲಿ ಒಬ್ಬರ ತಂದೆಯವರು ಆ ವರ್ಷ ಶಿವಮೊಗ್ಗ ಜಿಲ್ಲೆಯಿಂದ ಆರು ತಿಂಗಳಿಗೆಂದು ಬಂದಿದ್ದರು. ಕೂಟದ ಕಾರ್ಯಕ್ರಮಗಳಲ್ಲಿ ಮೂಲೆಯ ಕುರ್ಚಿಯಲ್ಲಿ ಕುಳಿತು ಎಲ್ಲಕ್ಕೂ ನಗುತ್ತಿದ್ದರು, ಮಾತು ಕಡಿಮೆ. ಮಗನು ತಂದೆಯ ಬಗ್ಗೆ "ಆಟೋಮೊಬೈಲ್ ಕ್ಷೇತ್ರದಲ್ಲಿದ್ದರು" ಎಂದಷ್ಟೇ ಹೇಳುತ್ತಿದ್ದ. ಒಂದು ಸಂಜೆ ಅವರನ್ನೂ ಗ್ಯಾರೇಜಿಗೆ ಕರೆತಂದ. ಅವರು ಜೀಪಿನ ಸುತ್ತ ಒಂದು ಸುತ್ತು ಬಂದು, ಕರವಸ್ತ್ರವನ್ನು ಅಂಗೈಗೆ ಸುತ್ತಿಕೊಂಡು, ಬದಿಯ ತಗಡಿನ ಮೇಲೆ ನಿಧಾನವಾಗಿ ಕೈ ಸರಿಸಿದರು. "ಇಲ್ಲಿ ಹಿಂದೆ ಯಾರೋ ಬಡಿದಿದಾರೆ, ಸರಿಯಾಗಿ ಬಡಿದಿಲ್ಲ," ಎಂದರು. ಆಮೇಲೆ ನಮ್ಮತ್ತ ತಿರುಗಿ, "ನಲವತ್ತು ವರ್ಷ ಇದೇ ಕೆಲಸ ಡಾಕ್ಟ್ರೇ. ಟಿಂಕರಿಂಗು," ಎಂದರು.

ಇಲ್ಲಿ ಕಥೆ ಕರ್ನಾಟಕಕ್ಕೆ ಹೊರಳುತ್ತದೆ. 1940ರ ದಶಕದ ಕೊನೆಯಲ್ಲಿ ಮುಂಬಯಿಯ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ಆರಂಭಿಸಿತು. ಮುಂದೆ ವಿಲ್ಲಿಸ್‌ನ ಸಿಜೆ 3ಬಿ ಎಂಬ ಎತ್ತರದ ಬಾನೆಟ್ಟಿನ ಮಾದರಿಯನ್ನು ಇಲ್ಲಿಯೇ ತಯಾರಿಸಿತು. ಅಮೆರಿಕದಲ್ಲಿ ಆ ಮಾದರಿ 1968ಕ್ಕೆ ನಿಂತುಹೋದರೂ ಭಾರತದಲ್ಲಿ ಮತ್ತೆ ದಶಕಗಳ ಕಾಲ ನಡೆಯಿತು. ಮಲೆನಾಡು, ಕೊಡಗುಗಳಲ್ಲಿ ಬೆಳೆದವರಿಗೆ ಅದರ ಪರಿಚಯ ಹೇಳಬೇಕಿಲ್ಲ. ಕಾಫಿ ತೋಟದ ಮೂಟೆ, ಮದುವೆಯ ದಿಬ್ಬಣ, ಚುನಾವಣೆಯ ಪೆಟ್ಟಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕೆ, ನಡುರಾತ್ರಿ ಹೆರಿಗೆನೋವಿನ ಹೆಂಗಸು, ಎಲ್ಲವೂ ಅದರಲ್ಲಿಯೇ. ಆಂಬುಲೆನ್ಸ್ ಎಂಬ ಪದ ಕಲಿಯುವ ಮೊದಲೇ ನಾವು ಆ ಜೀಪನ್ನು ನೋಡಿದ್ದೆವು.

ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಸುತ್ತಿನಲ್ಲಿ ಜೀಪಿನ ನೆಲ ಎಷ್ಟು ಕಾಲ ಉಳಿದೀತು? ಹೊಸ ಬಾಡಿ ತರಿಸುವಷ್ಟು ಹಣವಾಗಲಿ ವ್ಯವಧಾನವಾಗಲಿ ಎಲ್ಲರಿಗೂ ಇರಲಿಲ್ಲ. ಆದ್ದರಿಂದ ಪೇಟೆ ಪೇಟೆಯಲ್ಲಿಯೂ ಟಿಂಕರಿಂಗ್ ಶೆಡ್ಡುಗಳು ಹುಟ್ಟಿದವು. ಉತ್ತರದಲ್ಲಿ ಹರಿಯಾಣದ ಮಂಡಿ ಡಬ್ವಾಲಿ ಎಂಬ ಊರು ಜೀಪು ಕಟ್ಟುವುದಕ್ಕೇ ಹೆಸರಾಯಿತು. ನಮ್ಮ ಕಡೆಯ ಶೆಡ್ಡುಗಳಿಗೆ ಅಂಥ ಹೆಸರು ಬರಲಿಲ್ಲ, ಆದರೆ ಕೆಲಸ ಅದೇ. ಎಣ್ಣೆಯ ಡ್ರಮ್ಮನ್ನು ಸೀಳಿ ಮಟ್ಟಸ ಮಾಡಿದ ತಗಡು, ರೈಲು ಕಂಬಿಯ ತುಂಡೇ ಅಡಿಗಲ್ಲು, ಹಳೆಯ ಬಾಡಿಯೇ ಅಳತೆ. ಮೇಸ್ತ್ರಿಗಳು ಕಲಿತದ್ದು ಹಾಗೆ. ಡೆಟ್ರಾಯಿಟಿನ ಎಂಜಿನಿಯರುಗಳು ಅವಸರಕ್ಕೆಂದು ಸಮತಲ ತಗಡಿನಲ್ಲಿ, ನೇರ ಮಡಿಕೆಗಳಲ್ಲಿ ರೂಪಿಸಿದ ಮೈ ಕೈಗೆಲಸದವರಿಗೆ ವರವಾಯಿತು. ಬಾಗು ಬಳುಕಿನ ಕಾರಿನ ಮೈಯನ್ನು ಸುತ್ತಿಗೆಯಿಂದ ಮರಳಿ ಹುಟ್ಟಿಸುವುದು ಬಲು ಕಷ್ಟ, ಜೀಪಿನದು ಹಾಗಲ್ಲ.

ರಟ್ಟು, ಮರ, ಸುತ್ತಿಗೆ

ಮೇಸ್ತ್ರಿಗಳು ಮೊದಲು ಮಾಡಿದ ಕೆಲಸ ಭಾಗಗಳನ್ನು ವಿಂಗಡಿಸಿದ್ದು. ಬಾನೆಟ್ಟು, ಮುಂಭಾಗದ ಜಾಲರಿ, ಎರಡು ಬದಿಯ ತಗಡು, ಹಿಂದಿನ ಹಲಗೆ ಉಳಿಯಬೇಕು. ಮುಂದಿನ ಮಡ್‌ಗಾರ್ಡುಗಳಲ್ಲಿ ಒಂದು ಮತ್ತು ಹಿಂಚಕ್ರದ ಮೇಲಿನ ಉಪಕರಣದ ಪೆಟ್ಟಿಗೆಯ ಮುಚ್ಚಳಗಳಿಗೆ ಅಚ್ಚು ಬೇಕು, ಅವನ್ನು ಕೊಳ್ಳಬೇಕು. ನೆಲ, ಅಡಿಪಟ್ಟಿಗಳು, ಟ್ಯಾಂಕಿನ ತೊಟ್ಟಿ ಇವನ್ನು ಇಲ್ಲಿಯೇ ಮಾಡಬಹುದು. ಹಾಗೆ ಫಿಲಿಪ್ಪೀನ್ಸಿನಿಂದ ಬಂದದ್ದು ಆ ಕೆಲವೇ ಭಾಗಗಳು.

ಕತ್ತರಿಸುವ ಮೊದಲು ಮೈಯ ಒಳಗೆ ಅಡ್ಡಡ್ಡಲಾಗಿ ಕಬ್ಬಿಣದ ಪಟ್ಟಿಗಳನ್ನು ತಾತ್ಕಾಲಿಕವಾಗಿ ಬೆಸೆಯಬೇಕು. ಇಲ್ಲವಾದರೆ ನೆಲ ತೆಗೆದೊಡನೆ ಬದಿಗಳು ಸೊಟ್ಟಗಾಗಿ ಮತ್ತೆಂದೂ ಕೂಡುವುದಿಲ್ಲ. ಕಾರ್ಖಾನೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಹಾಕಿದ ಬೆಸುಗೆಗಳನ್ನು ಒಂದೊಂದಾಗಿ ಕೊರೆದು ಬಿಡಿಸಿದೆವು. ತುಕ್ಕು ಹಿಡಿದ ಜಾಗದಿಂದ ಎರಡು ಬೆರಳಷ್ಟು ಆಚೆ, ತಗಡು ಗಟ್ಟಿಯಾಗಿ ಹೊಳೆಯುವವರೆಗೆ ಕತ್ತರಿಸಿದೆವು. ತೆಗೆದ ಹಳೆಯ ಭಾಗವನ್ನು ಎಸೆಯದೆ, ಅದರಿಂದ ರಟ್ಟಿನ ಮೇಲೆ ನಮೂನೆ ಇಳಿಸಿಕೊಂಡರು. ಪ್ರತಿಯೊಂದು ರಟ್ಟಿನ ಮೇಲೂ ಪೆನ್ಸಿಲಿನಿಂದ "ಎಡ ಬದಿ, ಒಳಗೆ", "ಮಡಿಕೆ ಮೇಲಕ್ಕೆ" ಎಂದು ಕನ್ನಡದಲ್ಲಿ ಬರೆದರು.

ತಂದದ್ದು 18 ಗೇಜಿನ, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ಸಿ.ಆರ್. ಶೀಟು. ಮಡಿಸುವ ಯಂತ್ರವಿಲ್ಲದ್ದರಿಂದ ಎರಡು ಆ್ಯಂಗಲ್ ಪಟ್ಟಿಗಳ ನಡುವೆ ತಗಡನ್ನು ಬಿಗಿದು ಮರದ ಕೊಡತಿಯಿಂದ ಬಡಿದು ಮಡಿಸಿದರು. ಒಂದೇ ಏಟಿಗೆ ಮಡಿಸಬಾರದು, ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಬಾಗಿಸುತ್ತ ಮೂರು ನಾಲ್ಕು ಸುತ್ತಿನಲ್ಲಿ ಮುಗಿಸಬೇಕು. ನೆಲದ ತಗಡು ಅದುರದಿರಲೆಂದು ಮೂಲದಲ್ಲಿ ಒತ್ತಿದ್ದ ಉಬ್ಬುಗೆರೆಗಳಿಗೆ ಗಟ್ಟಿ ಮರದ ಹಲಗೆಯಲ್ಲಿ ಕಾಲುವೆ ಕೊರೆದು, ತಗಡನ್ನು ಅದರ ಮೇಲಿಟ್ಟು, ದುಂಡು ಸರಳಿನಿಂದ ಬಡಿದು ಇಳಿಸಿದರು. ಬೆಸುಗೆ ಹಾಕುವಾಗ ಒಂದು ತುದಿಯಿಂದ ಇನ್ನೊಂದಕ್ಕೆ ಎಳೆಯಲು ಬಿಡಲಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಆರಲು ಬಿಡುವು. "ತಗಡಿಗೆ ಕೋಪ ಬರಬಾರದು ಡಾಕ್ಟ್ರೇ, ಬಂದರೆ ಅಲೆ ಏಳ್ತದೆ," ಎನ್ನುತ್ತಿದ್ದರು. ಹೊಸ ಅಡಿಪಟ್ಟಿಗಳೊಳಗೆ ಮರ ಹಾಕಲಿಲ್ಲ. ಬದಲಿಗೆ ಒಳಗೆ ಮೇಣದಂಥ ತುಕ್ಕುರಕ್ಷಕವನ್ನು ಸಿಂಪಡಿಸಿ, ನೀರು ಇಳಿಯಲು ತೂತುಗಳನ್ನು ಬಿಟ್ಟೆವು. ಮೂಲದಿಂದ ನಾವು ಬೇಕೆಂದೇ ಬೇರೆಯಾದದ್ದು ಇದೊಂದರಲ್ಲಿ.

ವೈದ್ಯರಾಗಿ ಕೆಲವು ಮಾತು

ಇಂಥ ಕೆಲಸಕ್ಕೆ ಕೈಹಾಕುವ ಸದಸ್ಯರಿಗೆ ವೈದ್ಯರಾಗಿ ಕೆಲವು ಎಚ್ಚರಿಕೆ ಹೇಳಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಒಣಗಿರುವಂತೆ ಉಜ್ಜಬೇಡಿ, ಮುಖಕ್ಕೆ ತಕ್ಕ ಮಾಸ್ಕ್ ಧರಿಸಿ, ಆ ಬಟ್ಟೆಯಲ್ಲಿಯೇ ಹೋಗಿ ಮಗುವನ್ನು ಎತ್ತಿಕೊಳ್ಳಬೇಡಿ. ನಮ್ಮ ಮಗಳು ನೀರು ಹಾಕಿಯೇ ಉಜ್ಜುತ್ತಿದ್ದುದು, ಅದೂ ಮಾಸ್ಕ್ ಧರಿಸಿ, ಈ ಕಾರಣಕ್ಕೆ. ಸತು ಲೇಪಿಸಿದ ಜಿ.ಐ. ತಗಡನ್ನು ಬೆಸೆದರೆ ಏಳುವ ಹೊಗೆಯಿಂದ ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರುತ್ತದೆ. ಮೇಸ್ತ್ರಿಗಳ ಶೆಡ್ಡಿನಲ್ಲಿ ಅದಕ್ಕೆ ಹಾಲು ಕುಡಿದು ಮಲಗುತ್ತಿದ್ದರಂತೆ. ಸಾಮಾನ್ಯವಾಗಿ ಅದು ಒಂದೆರಡು ದಿನದಲ್ಲಿ ತಾನಾಗಿಯೇ ಇಳಿಯುವುದರಿಂದ ಹಾಲಿಗೆ ಕೀರ್ತಿ ಬಂದಿದೆ, ರಕ್ಷಣೆ ಮಾತ್ರ ಹಾಲಿನಿಂದಿಲ್ಲ. ಲೇಪವನ್ನು ತೆಗೆದು, ಗಾಳಿಯಾಡುವ ಕಡೆ ಬೆಸೆಯಿರಿ. ಪೆಟ್ರೋಲ್ ಟ್ಯಾಂಕನ್ನು ಮೊದಲೇ ಕಳಚಿ ದೂರವಿಡಿ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿ ಹತ್ತು ವರ್ಷವಾಗಿದ್ದರೆ ಮತ್ತೆ ಹಾಕಿಸಿಕೊಳ್ಳಿ.

ಕೊನೆಯದು ಕಿವಿ. ಮೇಸ್ತ್ರಿಗಳು ಕಾರ್ಯಕ್ರಮಗಳಲ್ಲಿ ಮೌನವಾಗಿರುತ್ತಿದ್ದುದನ್ನು ನಾವೆಲ್ಲ ಸಂಕೋಚವೆಂದು ತಿಳಿದಿದ್ದೆವು. ನಲವತ್ತು ವರ್ಷ ತಗಡು ಬಡಿದ ಕಿವಿಗೆ ಎತ್ತರದ ಸ್ವರಗಳು ಕೇಳುತ್ತಿರಲಿಲ್ಲ. ಗದ್ದಲದ ಸಭೆಯಲ್ಲಿ ಮಾತು ಅವರಿಗೆ ಕಲಸಿಹೋಗುತ್ತಿತ್ತು. ವೈದ್ಯರಾದ ನಮಗೇ ಅದು ತಿಂಗಳುಗಟ್ಟಲೆ ಹೊಳೆಯಲಿಲ್ಲ ಎಂಬುದನ್ನು ಇಲ್ಲಿ ನಾಚಿಕೆಯಿಂದಲೇ ಬರೆಯುತ್ತಿದ್ದೇವೆ. ಪರೀಕ್ಷೆ ಮಾಡಿಸಿ ಶ್ರವಣಸಾಧನ ಕೊಡಿಸಿದ ಮೇಲೆ ಅವರ ಮಾತು ಹೆಚ್ಚಾಯಿತು. ತಗಡು ಬಡಿಯುವಾಗ ಮಾತ್ರ ಅದನ್ನು ತೆಗೆದಿಡುತ್ತಿದ್ದರು, ನಮ್ಮ ಬಲವಂತಕ್ಕೆ ಕಿವಿಗೆ ರಕ್ಷಣೆ ಹಾಕಿಕೊಳ್ಳುತ್ತಿದ್ದರು. ಕೆಲಸಕ್ಕೆ ಅವರ ಅಂಗೈ ಸಾಕಾಗಿತ್ತು.

ಉಳಿದದ್ದು

ಟೊಲೆಡೊದಲ್ಲಿ ವಿಲ್ಲಿಸ್‌ನ ಹಳೆಯ ಕಾರ್ಖಾನೆ ಈಗಿಲ್ಲ. "ಓವರ್‌ಲ್ಯಾಂಡ್" ಎಂಬ ಅಕ್ಷರಗಳುಳ್ಳ ಇಟ್ಟಿಗೆಯ ಒಂದು ಹೊಗೆಕೊಳವೆಯನ್ನು ನೆನಪಿಗೆಂದು ಉಳಿಸಿದ್ದಾರೆ. ಮೇಸ್ತ್ರಿಗಳನ್ನು ಅಲ್ಲಿಗೆ ಕರೆದೊಯ್ದಿದ್ದೆವು. ಬಹಳ ಹೊತ್ತು ತಲೆ ಎತ್ತಿ ನೋಡಿ, "ನಾವು ಹೊಟ್ಟೆ ಹೊರೆದ ಗಾಡಿ ಇಲ್ಲಿಂದ ಹೊರಟಿದ್ದಾ?" ಎಂದು ಮಗನನ್ನು ಕೇಳಿದರು.

ಕಾರ್ಖಾನೆ ಹೋಯಿತು, ಅಚ್ಚುಗಳು ಹೋದವು. ಜೀಪಿನ ಮೈ ಉಳಿದದ್ದು ಮನಿಲಾದಲ್ಲಿ, ಡಬ್ವಾಲಿಯಲ್ಲಿ, ಮಲೆನಾಡಿನ ಹೆಸರಿಲ್ಲದ ಶೆಡ್ಡುಗಳಲ್ಲಿ ಅದನ್ನು ಮತ್ತೆ ಮತ್ತೆ ಬಡಿದ ಕೈಗಳಿಂದ. ಮೂಲದ ತಗಡು ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುವವರು ಇದನ್ನೂ ಚರಿತ್ರೆಯ ಪಾಲೆಂದು ಎಣಿಸಬೇಕೆಂಬುದು ನಮ್ಮ ವಿನಂತಿ. ಬಾನೆಟ್ಟಿನ ಮೇಲಿನ ಆರು ಅಂಕಿಗಳನ್ನು ಹಾಗೆಯೇ ಬಿಟ್ಟಿದ್ದೇವೆ, ಅಳಿಸಿದ ಎರಡನ್ನು ಊಹಿಸಿ ಬರೆಯಲಿಲ್ಲ.

ರಾಜ್ಯೋತ್ಸವದ ದಿನ ಜೀಪಿನ ಬಳಿ ನಿಂತವರೊಬ್ಬರು ನೆಲದ ಕೆಲಸ ನೋಡಿ ಇದನ್ನು ಯಾವ ಕಂಪನಿಯಲ್ಲಿ ಮಾಡಿಸಿದಿರಿ ಎಂದು ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಮಗ ಉತ್ತರಿಸಿದ: "ನಮ್ಮಪ್ಪ ಮಾಡಿದ್ದು. ಅವರು ಟಿಂಕರಿಂಗ್ ಮೇಸ್ತ್ರಿ."

ಮೇಸ್ತ್ರಿಗಳು ಡಿಸೆಂಬರಿನಲ್ಲಿ ಊರಿಗೆ ಮರಳಿದರು. ಅವರು ಬರೆದಿಟ್ಟ ಹದಿನೇಳು ರಟ್ಟಿನ ನಮೂನೆಗಳು ಗ್ಯಾರೇಜಿನ ಗೋಡೆಯಲ್ಲಿ ತೂಗುತ್ತಿವೆ. ಸದಸ್ಯರಲ್ಲಿ ಯಾರಿಗಾದರೂ ಹಳೆಯ ಜೀಪಿನ ನೆಲ ಕಟ್ಟುವ ಅಗತ್ಯ ಬಿದ್ದರೆ ಅವನ್ನು ಸಂತೋಷದಿಂದ ಕೊಡುತ್ತೇವೆ. ಕನ್ನಡ ಓದಲು ಬಂದರೆ ಸಾಕು.